ಚೀನೀ ವೈದ್ಯದಲ್ಲಿ ಯಕೃತ್ತು ಮತ್ತು ಜಠರಾಗ್ನಿ: ಒಂದು ಕಷಾಯದ ಚರಿತ್ರೆ

ಕ್ರಿ. ಶ. ಎರಡನೆಯ ಶತಮಾನದ ಅಂತ್ಯಭಾಗದಲ್ಲಿ, ಹಾನ್ ರಾಜವಂಶವು ಕ್ಷೀಣದಶೆಯನ್ನು ಮುಟ್ಟಿದ್ದ ಕಾಲಕ್ಕೆ, ಚೀನಾದೇಶದಲ್ಲಿ ಸಾಂಕ್ರಾಮಿಕ ಜ್ವರಗಳ ಹಾವಳಿಯು ಪ್ರಬಲವಾಗಿದ್ದಿತು. ಜಾಂಗ್ ಜುಂಗ್‌ಜಿಂಗನೆಂಬ ವೈದ್ಯನ ಕುಲದಲ್ಲಿ ಇನ್ನೂರಕ್ಕೆ ಮಿಗಿಲಾಗಿ ಜನರಿದ್ದರೆಂದೂ, ೧೯೬ರಲ್ಲಿ ಮೊದಲಾದ ಜಿಯಾನ್‌ಆನ್ ಕಾಲದಿಂದೀಚೆಗೆ ಹತ್ತು ವರ್ಷ ತುಂಬುವುದರೊಳಗೆ ಅವರಲ್ಲಿ ಮೂರರಲ್ಲೆರಡು ಪಾಲು ಮಡಿದರೆಂದೂ, ಮಡಿದವರಲ್ಲಿ ಹತ್ತಕ್ಕೆ ಏಳು ಮಂದಿ 'ಶಾಂಗ್‌ಹಾನ್', ಎಂದರೆ ಶೀತಾಘಾತದ ಜ್ವರಕ್ಕೆ ತುತ್ತಾದರೆಂದೂ ಅವನ ಗ್ರಂಥದ ಪೀಠಿಕೆಯಲ್ಲಿ ಹೇಳಿದೆ. ಆ ಗ್ರಂಥವು ಯುದ್ಧಗಳ ಗಲಭೆಯಲ್ಲಿ ಚದರಿಹೋಗಿ, ವಾಂಗ್ ಶೂಹೆ ಎಂಬ ವೈದ್ಯನಿಂದ ಮತ್ತೆ ಜೋಡಿಸಲ್ಪಟ್ಟು, ಸೋಂಗ್ ಅರಸರ ಕಾಲದಲ್ಲಿ ಪರಿಷ್ಕೃತವಾಗಿ ೧೦೬೫ರಲ್ಲಿ ಅಚ್ಚಾಯಿತು. 'ಶಾಂಗ್‌ಹಾನ್ ಲುನ್', 'ಜಿನ್‌ಗ್ವೇಯ್ ಯಾವ್‌ಲ್ಯೂ' ಎಂದು ಇಂದು ಎರಡಾಗಿ ದೊರೆಯುವ ಪುಸ್ತಕಗಳಿಗೆ ಅದೇ ಮೂಲ.

ಈ ಗ್ರಂಥದಲ್ಲಿ ರೋಗವನ್ನು ಹೆಸರಿನಿಂದ ಹಿಡಿಯುವುದಕ್ಕಿಂತ ಲಕ್ಷಣಗಳ ಸಮೂಹದಿಂದ ಹಿಡಿಯುವ ಪದ್ಧತಿಯು ಪ್ರಧಾನವಾದುದು. ಚಳಿಯೂ ಜ್ವರವೂ ಒಂದಾದಮೇಲೊಂದು ಬರುವುದು, ಎದೆ ಪಕ್ಕೆಗಳು ಬಿಗಿದು ತುಂಬಿದಂತಿರುವುದು, ಅನ್ನ ಸೇರದಿರುವುದು, ಪದೇಪದೇ ವಾಂತಿ—ಇವು ಕೂಡಿದಾಗ ವಿಧಿಸುವ ಔಷಧವೇ 'ಶಿಯಾವೊ ಛಾಯ್‌ಹೂ ಥಾಂಗ್', ಅಂದರೆ ಕಿರಿಯ ಛಾಯ್‌ಹೂ ಕಷಾಯ. ಇದರ ದ್ರವ್ಯಗಳು ಏಳು. ಛಾಯ್‌ಹೂ ಎಂಬ ಬೇರು ಕೊತ್ತಂಬರಿ ಜೀರಿಗೆಗಳ ಕುಟುಂಬದ್ದು. ಹ್ವಾಂಗ್‌ಛಿನ್ ಎಂಬುದು ತುಲಸಿಯ ಕುಟುಂಬದ್ದು. ಬಾನ್‌ಶಿಯಾ ಎಂಬ ಗೆಡ್ಡೆ ಕೆಸುವಿನ ಬಳಗದ್ದಾಗಿ, ಹಸಿಯಾಗಿದ್ದರೆ ಕೆಸುವಿನಂತೆಯೇ ಗಂಟಲನ್ನು ಕೆರೆಯುವುದು. ಆ ದೋಷವನ್ನು ತಗ್ಗಿಸಲು ಹಸಿಶುಂಠಿಯ ಜೊತೆ. ಉಳಿದವು ಜಿನ್‌ಸೆಂಗ್, ಹದಮಾಡಿದ ಜ್ಯೇಷ್ಠಮಧು, ಮತ್ತು ನಮ್ಮ ಬೋರೆಯ ಜಾತಿಗೆ ಸೇರಿದ ೧೨ ಹಣ್ಣುಗಳು. ೧೨ ಅಳತೆಯ ನೀರನ್ನು ೬ಕ್ಕೆ ಇಳಿಸಿ, ಸೋಸಿ, ಮತ್ತೆ ಕುದಿಸಿ ೩ಕ್ಕೆ ತಂದು, ದಿನಕ್ಕೆ ಮೂರು ಬಾರಿ ಬೆಚ್ಚಗೆ ಕುಡಿಸಬೇಕೆಂಬುದು ವಿಧಿ.

ಕಾಮಾಲೆಗೆ ಹೇಳಿದ ಯೋಗವು ಬೇರೆ. ಮೈಯೆಲ್ಲ ಕಿತ್ತಳೆಯ ಬಣ್ಣಕ್ಕೆ ತಿರುಗಿ, ಮೂತ್ರ ಸರಾಗವಾಗದೆ, ಹೊಟ್ಟೆ ಸ್ವಲ್ಪ ಉಬ್ಬಿದ್ದರೆ 'ಯಿನ್‌ಛೆನ್‌ಹಾವ್ ಥಾಂಗ್' ಕೊಡತಕ್ಕದ್ದು. ಇದರಲ್ಲಿ ಮಾಚಿಪತ್ರೆಯ ಜಾತಿಯ ಯಿನ್‌ಛೆನ್, ಬಿಕ್ಕೆಯ ಜಾತಿಯ ೧೪ ಕಾಯಿಗಳು, ರೇವಲ್ಚಿನ್ನಿ ಎಂಬೀ ಮೂರೇ ದ್ರವ್ಯಗಳಿವೆ. ಕಡೆಯದರ ಹೆಸರಿನಲ್ಲಿಯೇ ಚೀನಾದೇಶವು ಅಡಗಿರುವುದು ಹಳೆಯ ವ್ಯಾಪಾರಸಂಬಂಧದ ಗುರುತು.

ಇವುಗಳ ಹಿಂದಿರುವ ತತ್ತ್ವವನ್ನರಿಯದೆ ಯೋಗಗಳನ್ನು ಮಾತ್ರ ಪಟ್ಟಿಮಾಡಿದರೆ ಪ್ರಯೋಜನವಿಲ್ಲ. ಪಂಚಭೂತಗಳನ್ನು ಹೋಲುವ ಚೀನೀಯರ ಐದು ತತ್ತ್ವಗಳಲ್ಲಿ ಯಕೃತ್ತು ಕಾಷ್ಠ, 'ಪೀ' ಎಂಬುದು ಪೃಥ್ವಿ. ಕಾಷ್ಠವು ಪೃಥ್ವಿಯನ್ನು ಅಡಗಿಸುವುದು. ಆದುದರಿಂದ ಯಕೃತ್ತಿನ ರೋಗವನ್ನು ಕಂಡ ವೈದ್ಯನು ಅದು 'ಪೀ'ಗೆ ಹರಡುವ ಮೊದಲೇ ಇದನ್ನು ಬಲಪಡಿಸಬೇಕೆಂದು 'ಜಿನ್‌ಗ್ವೇಯ್ ಯಾವ್‌ಲ್ಯೂ' ಬೋಧಿಸುತ್ತದೆ. 'ಪೀ' ಎಂಬುದನ್ನು ಪ್ಲೀಹವೆಂದು ಅನುವಾದಿಸುವುದು ವಾಡಿಕೆ. ಆದರೆ ಅದರ ಕಾರ್ಯವು ಅನ್ನವನ್ನು ಪಚನಮಾಡಿ ಸಾರವನ್ನು ದೇಹಕ್ಕೆ ಒದಗಿಸುವುದಾಗಿರುವುದರಿಂದ, ಅರ್ಥದಲ್ಲಿ ಅದು ಜಠರಾಗ್ನಿಗೆ ಹೆಚ್ಚು ಸಮೀಪ. ಛಾಯ್‌ಹೂ ಕಷಾಯದಲ್ಲಿ ಕಹಿಬೇರುಗಳ ಸಂಗಡ ಬೋರೆ, ಶುಂಠಿ, ಜ್ಯೇಷ್ಠಮಧುಗಳು ಏಕೆ ಸೇರಿವೆಯೆಂಬುದಕ್ಕೆ ಇದೇ ಸಮಾಧಾನ.

ಆಧುನಿಕ ವಿಜ್ಞಾನವು ಈ ಕ್ಷೇತ್ರಕ್ಕೆ ಬಂದುದು ಇನ್ನೊಂದು ದಾರಿಯಿಂದ. ಬ್ಲುಂಬರ್ಗನು ೧೯೬೫ರಲ್ಲಿ ಪ್ರಕಟಿಸಿದ ಪ್ರತಿಜನಕವು ಮುಂದೆ ಹೆಪಟೈಟಿಸ್ ಬಿ ವೈರಾಣುವಿನದೆಂದು ತಿಳಿದುಬಂದಿತು. ಸಿ ವೈರಾಣುವು ೧೯೮೯ರಲ್ಲಿ ಗೊತ್ತಾಯಿತು. ರೋಗಕ್ಕೆ ಖಚಿತವಾದ ಹೆಸರು ದೊರೆತೊಡನೆ, ಲಕ್ಷಣಸಮೂಹಕ್ಕೆ ವಿಧಿಸಿದ್ದ ಹಳೆಯ ಕಷಾಯವನ್ನು ಹೊಸ ಹೆಸರಿಗೆ ಕೊಡುವ ಪದ್ಧತಿಯು ಬೆಳೆಯಿತು. ಜಪಾನಿನಲ್ಲಿ ಛಾಯ್‌ಹೂ ಕಷಾಯಕ್ಕೆ 'ಶೋಸಾಯ್‌ಕೋತೋ' ಎಂದು ಹೆಸರು. ೧೯೭೬ರಿಂದ ಅಲ್ಲಿ ಇಂತಹ ಕಷಾಯಸಾರಗಳು ವಿಮೆಯ ವ್ಯಾಪ್ತಿಗೆ ವಿಶೇಷವಾಗಿ ಸೇರಿದುವು. ಇದನ್ನು ದೀರ್ಘಕಾಲದ ಹೆಪಟೈಟಿಸ್ ರೋಗಿಗಳಿಗೆ ಬಹುಸಂಖ್ಯೆಯಲ್ಲಿ ಕೊಡಲಾಯಿತು. ೧೯೯೫ರಲ್ಲಿ ಪ್ರಕಟವಾದ, ೨೬೦ ಮಂದಿ ಯಕೃತ್ತಿನ ಸಿರೋಸಿಸ್ ರೋಗಿಗಳ ಒಂದು ಪರೀಕ್ಷೆಯಲ್ಲಿ, ಅದನ್ನು ಸೇವಿಸಿದವರಿಗೆ ಯಕೃತ್ತಿನ ಅರ್ಬುದವು ಕಡಮೆಯಾಗಿ ಕಂಡಿತಾದರೂ, ಒಟ್ಟಿನ ಗಣನೆಯಲ್ಲಿ ಆ ಅಂತರವು ಸಂದೇಹಕ್ಕೆ ಎಡೆಯಿಲ್ಲದಷ್ಟು ದೃಢವಾಗಿರಲಿಲ್ಲ.

ಅಷ್ಟರಲ್ಲಿ ಒಂದು ಅನರ್ಥವು ತಲೆದೋರಿತು. ಈ ಕಷಾಯವನ್ನು ಸೇವಿಸಿದ ಕೆಲವರ ಶ್ವಾಸಕೋಶದ ಅಂಗಾಂಶವು ಉರಿಗೊಂಡು ಉಸಿರಾಟವೇ ಕುಂದುತ್ತಿದ್ದಿತು. ೧೯೯೪ರಲ್ಲಿ ಇಂಟರ್‌ಫೆರಾನಿನೊಡನೆ ಇದನ್ನು ಕೊಡಬಾರದೆಂದು ನಿಷೇಧವಾಯಿತು. ಆದರೂ ಆ ವರ್ಷದ ಮೊದಲಿನಿಂದ ೧೯೯೬ರ ಮಾರ್ಚಿಯ ಎಚ್ಚರಿಕೆಯ ವೇಳೆಗೆ ೮೮ ರೋಗಿಗಳ ವಿಷಯವೂ, ಅವರಲ್ಲಿ ೧೦ ಮಂದಿಯ ಮರಣವೂ ವರದಿಯಾಗಿದ್ದುವು. ಲಕ್ಷಣವನ್ನು ನೋಡದೆ ರೋಗನಾಮವನ್ನಷ್ಟೇ ನೋಡಿ ಕೊಟ್ಟುದೇ ಇದಕ್ಕೆ ಕಾರಣವೆಂದು ಸಂಪ್ರದಾಯಪಕ್ಷದವರು ವಾದಿಸಿದರು. ವಾದದಲ್ಲಿ ಸತ್ಯಾಂಶವಿರಬಹುದು, ಆದರೆ ಲಕ್ಷಣವನ್ನು ನೋಡಿ ಕೊಟ್ಟಮಾತ್ರಕ್ಕೆ ಮೂಲಿಕೆಯು ನಿರಪಾಯವೆಂದು ಅದರಿಂದ ಸಿದ್ಧವಾಗುವುದಿಲ್ಲ. ಕೂದಲು ಕಪ್ಪಾಗಲೆಂದು ಚೀನೀಯರು ಸೇವಿಸುವ ಹೆಶೌವೂ ಬೇರು ಯಕೃತ್ತನ್ನೇ ಕೆಡಿಸಿದ ನಿದರ್ಶನಗಳು ಅನೇಕವಾಗಿವೆ.

ಫಲವನ್ನು ಅಳೆಯುವುದರಲ್ಲಿಯೂ ಎಚ್ಚರವು ಬೇಕು. 'ವೂವೇಯ್‌ಜ಼' ಎಂಬ ಹಣ್ಣಿನ ಸಾರವು ರಕ್ತದಲ್ಲಿ ಏರಿದ ಯಕೃತ್ತಿನ ಕಿಣ್ವಗಳನ್ನು ಇಳಿಸುವುದೆಂದು ಕಂಡು, ಅದರ ಆಧಾರದಿಂದ ಚೀನಾದಲ್ಲಿ ಬೈಫೆಂಡೇಟ್ ಎಂಬ ಔಷಧವನ್ನು ತಯಾರಿಸಿದರು. ಆದರೆ ಕಿಣ್ವವು ಇಳಿಯುವುದು ಬೇರೆ, ವೈರಾಣುವು ತೊಲಗುವುದು ಬೇರೆ. ಹೆಪಟೈಟಿಸ್ ಬಿ ರೋಗದಲ್ಲಿ ಛಾಯ್‌ಹೂ ಕಷಾಯದ ೧೦ ಪರೀಕ್ಷೆಗಳನ್ನು ೨೦೧೯ರಲ್ಲಿ ಪರಾಮರ್ಶಿಸಿದ ಕಾಕ್ರೇನ್ ಸಮೀಕ್ಷೆಯು ಆಧಾರಗಳು ತೀರ ದುರ್ಬಲವೆಂದೇ ನಿರ್ಣಯಿಸಿತು. ಇತ್ತ ಸಿ ವೈರಾಣುವನ್ನು ನೂರಕ್ಕೆ ೯೫ಕ್ಕಿಂತ ಹೆಚ್ಚು ರೋಗಿಗಳಲ್ಲಿ ತೊಲಗಿಸಬಲ್ಲ ಮಾತ್ರೆಗಳು ಇಂದು ದೊರೆಯುತ್ತವೆ.

ಆದರೂ ಹಳೆಯ ಕಷಾಯವು ಮರೆಯಾಗಿಲ್ಲ. ೨೦೨೦ರಲ್ಲಿ ಕೋವಿಡ್ ರೋಗಕ್ಕೆಂದು ಚೀನಾದಲ್ಲಿ ಬಳಕೆಗೆ ಬಂದ ೨೧ ದ್ರವ್ಯಗಳ 'ಛಿಂಗ್‌ಫೇಯ್ ಪಾಯ್‌ದೂ' ಕಷಾಯದಲ್ಲಿ ಅದರ ಯೋಗವೂ ಸೇರಿದೆ. ಜ್ವರಪೀಡಿತನ ಹಸಿವು, ವಾಂತಿ, ಪಕ್ಕೆಯ ಬಿಗಿತಗಳನ್ನು ಒಂದಾಗಿ ನೋಡಿ, ಅನ್ನ ಸೇರುವಂತೆ ಮಾಡುವುದೂ ಚಿಕಿತ್ಸೆಯೇ ಎಂದು ತಿಳಿದುದು ಪ್ರಾಚೀನರ ಹಿರಿಮೆ. ಆ ನೋಟವು ವೈರಾಣುವಿನ ಪರೀಕ್ಷೆಗೆ ಬದಲಾಗಿ ನಿಲ್ಲಲಾರದು. ಕುಲದ ಮೂರರಲ್ಲೆರಡು ಪಾಲನ್ನು ಕಳೆದುಕೊಂಡು, ಕಂಡುದನ್ನು ಕಂಡಂತೆ ಬರೆದಿಟ್ಟ ಜಾಂಗನ ದಾರಿಯಲ್ಲಿ ನಡೆಯುವವರು ಜಪಾನಿನ ಆ ಹತ್ತು ಮರಣಗಳನ್ನೂ ಅದೇ ಗ್ರಂಥದ ವ್ಯಾಖ್ಯಾನವಾಗಿ ಓದತಕ್ಕದ್ದು.