ನಿಮಗಿದು ಗೊತ್ತೇ? ಕೌಬಾಯ್ ನಾಟಕದ ಟೋಪಿ, ಮೀಸೆ, ಪಿಸ್ತೂಲು

ಅಮೆರಿಕದ ‘ವೈಲ್ಡ್ ವೆಸ್ಟ್’ ಮೆಲೋಡ್ರಾಮಾದಲ್ಲಿ ಖಳ ರಂಗಕ್ಕೆ ಬಂದರೆ ಪ್ರೇಕ್ಷಕರು ಕೂಗಿ ಛೀಮಾರಿ ಹಾಕುತ್ತಾರೆ, ನಾಯಕ ಬಂದರೆ ಹುರ್ರೇ ಎನ್ನುತ್ತಾರೆ. ಅಲ್ಲಿನ ಹವ್ಯಾಸಿ ತಂಡಗಳು ಇಂದಿಗೂ ಇದನ್ನು ಆಡುತ್ತವೆ. ಇಂಥ ನಾಟಕಕ್ಕೆ ವೇಷ, ಪರಿಕರ ಹೊಂದಿಸಲು ಹೊರಟವರಿಗೆ ಮೊದಲು ತಿಳಿಯುವುದೇ ಇದು: ಸಿನಿಮಾ ನೋಡಿ ನಾವು ‘ಕೌಬಾಯ್ ಉಡುಪು’ ಎಂದುಕೊಂಡಿದ್ದರಲ್ಲಿ ಬಹಳಷ್ಟು ಆ ಕಾಲದ್ದೇ ಅಲ್ಲ.

ಟೋಪಿಯನ್ನೇ ತೆಗೆದುಕೊಳ್ಳಿ. ಜಾನ್ ಬಿ. ಸ್ಟೆಟ್ಸನ್ 1865ರಲ್ಲಿ ಫಿಲಡೆಲ್ಫಿಯಾದಲ್ಲಿ ತಯಾರಿಸಿದ ‘ಬಾಸ್ ಆಫ್ ದಿ ಪ್ಲೇನ್ಸ್’ ಟೋಪಿಯ ಅಂಚು ಚಪ್ಪಟೆ, ನೆತ್ತಿ ಗುಂಡಗೆ. ನೆತ್ತಿಯ ಮಡಿಕೆ, ಮೇಲೆದ್ದ ಅಂಚು ಎಲ್ಲ ಹಾಕಿಕೊಂಡವರು ತಮಗೆ ಬೇಕಾದಂತೆ ಮಾಡಿಕೊಂಡದ್ದು. ಉಣ್ಣೆಯ ಫೆಲ್ಟ್ ಟೋಪಿ ಸಿಕ್ಕರೆ ಹಬೆಗೆ ಹಿಡಿದು ಹಳೆಯ ಆಕಾರಕ್ಕೆ ತರಬಹುದು. ಪ್ಲಾಸ್ಟಿಕ್ ಮಿಶ್ರಿತ ಪಾರ್ಟಿ ಟೋಪಿ ಮಾತ್ರ ಬೇಡವೇ ಬೇಡ. ದೀಪದ ಬೆಳಕಿಗೆ ಅದು ಕೊನೆಯ ಸಾಲಿನವರೆಗೂ ಮಿನುಗುತ್ತದೆ.

ಇನ್ನೂ ಸುಲಭದ ದಾರಿ ಬೌಲರ್ ಟೋಪಿ. 1849ರಲ್ಲಿ ಲಂಡನ್ನಿನಲ್ಲಿ, ಬೇಟೆಕಾಡಿನ ಕಾವಲುಗಾರರ ತಲೆಗೆ ಕೊಂಬೆ ತಾಗದಿರಲೆಂದು ಹುಟ್ಟಿದ ಟೋಪಿ ಇದು. ಬುಚ್ ಕ್ಯಾಸಿಡಿ ಮತ್ತು ಸಹಚರರು 1900ರಲ್ಲಿ ಟೆಕ್ಸಾಸಿನ ಫೋರ್ಟ್‌ವರ್ತ್‌ನಲ್ಲಿ ತೆಗೆಸಿಕೊಂಡ ಪ್ರಸಿದ್ಧ ಫೋಟೋ ನೋಡಿ: ರೈಲು ದರೋಡೆಕೋರರು ಐವರೂ ಬೌಲರ್ ಟೋಪಿಯಲ್ಲಿದ್ದಾರೆ! ಈ ಟೋಪಿ ಗಟ್ಟಿಯಾಗಿ ನಿಲ್ಲುವುದು ಅರಗಿನಿಂದ. ಆ ಅರಗನ್ನು ಜಗತ್ತಿಗೆ ಹೆಚ್ಚಾಗಿ ಪೂರೈಸುತ್ತಿದ್ದುದು ನಮ್ಮ ದೇಶ.

ಕೌಬಾಯ್ ಕೊರಳಿನ ಚುಕ್ಕಿಯ ವಸ್ತ್ರದ ಮೂಲವೂ ಇಲ್ಲೇ. ಬಂಗಾಳದ ಬಾಂಧಣಿ ರೇಷ್ಮೆ ಕೈವಸ್ತ್ರಗಳು 18ನೇ ಶತಮಾನದಲ್ಲಿ ಹಡಗೇರಿ ಇಂಗ್ಲೆಂಡಿಗೆ ಹೋದವು. ಅವನ್ನು ನೋಡಿಯೇ ಅಗ್ಗದ ಹತ್ತಿಯ ಅಚ್ಚುಬಟ್ಟೆ ಬಂತು.

ಲೆವಿ ಸ್ಟ್ರಾಸ್ ಮತ್ತು ದರ್ಜಿ ಜೇಕಬ್ ಡೇವಿಸ್, ತಾಮ್ರದ ರಿವೆಟ್ ಹಾಕಿದ ಪ್ಯಾಂಟಿಗೆ ಪೇಟೆಂಟ್ ಪಡೆದದ್ದು 1873ರ ಮೇ 20ರಂದು. ಆದರೆ ಅದಕ್ಕೆ ಬೆಲ್ಟ್ ಹಾಕುವ ಪಟ್ಟಿ ಬಂದದ್ದು 1922ರಲ್ಲಿ! ಅಲ್ಲಿಯವರೆಗೆ ಪ್ಯಾಂಟನ್ನು ಹಿಡಿದು ನಿಲ್ಲಿಸಿದ್ದು ಭುಜದ ಮೇಲಿನ ಸಸ್ಪೆಂಡರ್. ಹಾಗಾಗಿ ನಟನ ದೊಡ್ಡ ಬಕಲ್ಲಿನ ಬೆಲ್ಟ್ ಬಿಚ್ಚಿಸಿ, ಪ್ಯಾಂಟಿಗೆ ಆರು ಗುಂಡಿ ಹೊಲಿಸಿ. ಜಿಪ್ ಕೂಡ ಕಾಣಬಾರದು. ಗಿಡಿಯನ್ ಸುಂಡ್‌ಬ್ಯಾಕ್ ಅದನ್ನು ಈಗಿನ ರೂಪಕ್ಕೆ ತಂದದ್ದು 1913ರ ವೇಳೆಗೆ.

ಮುತ್ತಿನ ಬಣ್ಣದ ಪ್ರೆಸ್ ಬಟನ್ ಇರುವ ‘ವೆಸ್ಟರ್ನ್ ಶರ್ಟ್’ ಇನ್ನೂ ಹೊಸದು. ಅದಕ್ಕೆ ಹೆಸರಾದ ಡೆನ್ವರಿನ ರಾಕ್‌ಮೌಂಟ್ ಕಂಪನಿ ಶುರುವಾದದ್ದೇ 1946ರಲ್ಲಿ. 19ನೇ ಶತಮಾನದ ಸಾಮಾನ್ಯ ಶರ್ಟಿನಲ್ಲಿ ಗುಂಡಿಗಳು ಎದೆಯವರೆಗೆ ಮಾತ್ರ, ತಲೆಯ ಮೇಲಿಂದ ಹಾಕಿಕೊಳ್ಳಬೇಕು, ಕಾಲರೂ ಬಹುತೇಕ ಇರುತ್ತಿರಲಿಲ್ಲ. ಓದುವಾಗಲೇ ನಿಮಗೆ ಹೊಳೆದಿರಬೇಕು: ನಮ್ಮ ಖಾದಿ ಜುಬ್ಬವೂ ಹೀಗೆಯೇ ಅಲ್ಲವೇ! ತೋಳಿಗೆ ಕಫ್ ಹೊಲಿಸಿ, ಪ್ಯಾಂಟಿನೊಳಗೆ ಸೇರಿಸಿ, ಮೇಲೊಂದು ವೇಸ್ಟ್‌ಕೋಟ್ ತೊಡಿಸಿದರೆ ಗಣಿ ಕಾರ್ಮಿಕ ಸಿದ್ಧ. ಮೊಣಕೈಗೆ ಉಪ್ಪುಕಾಗದ ಉಜ್ಜಿ, ಇಡೀ ಬಟ್ಟೆಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದರೆ ವರ್ಷಗಟ್ಟಲೆ ದುಡಿದ ಬಟ್ಟೆಯಾಗುತ್ತದೆ. ಬಾಡಿಗೆ ಅಂಗಡಿಯ ಇಸ್ತ್ರಿ ಮಾಡಿದ ವೇಷಕ್ಕಿಂತ ಇದು ಎಷ್ಟೋ ಮೇಲು.

ಹೆಂಗಸರ ಪಾತ್ರಕ್ಕೆ ನೇರಳೆ ಬಣ್ಣದ ಗೌನು ತೀರಾ ಆಧುನಿಕ ಎಂಬ ಅನುಮಾನ ಬೇಡ. ವಿಲಿಯಂ ಪರ್ಕಿನ್ 1856ರಲ್ಲಿ ಕೃತಕ ನೇರಳೆ ಬಣ್ಣ ಕಂಡುಹಿಡಿದಿದ್ದರು.

ರಂಗದ ವೇಷ ಯುದ್ಧಭೂಮಿಗೆ ಹೋದ ಕಥೆ ಗೊತ್ತೇ? ‘ಬಫಲೋ ಬಿಲ್’ ಎಂಬ ವಿಲಿಯಂ ಕೋಡಿ 1872ರಲ್ಲೇ ಷಿಕಾಗೋದಲ್ಲಿ ನಟನಾಗಿ ರಂಗವೇರಿದ್ದ. 1876ರ ಜುಲೈಯಲ್ಲಿ ಸೈನ್ಯದ ಜೊತೆ ಹೋಗಿ ಮೂಲನಿವಾಸಿ ಷಯೆನ್ ಯೋಧನೊಬ್ಬನನ್ನು ಕೊಂದಾಗ ಕೋಡಿಯ ಮೈಮೇಲಿದ್ದುದು ನಾಟಕದ ಕಪ್ಪು ಮಖಮಲ್ಲಿನ ಉಡುಪು. ಆಮೇಲೆ ಅದೇ ಘಟನೆಯನ್ನು ನಾಟಕ ಮಾಡಿ ಊರೂರಿಗೆ ಒಯ್ದ. ಒಬ್ಬ ಮನುಷ್ಯನ ಸಾವು ಹಾಗೆ ಮನರಂಜನೆಯ ಸರಕಾಯಿತು. ಇಂಥ ನಾಟಕಗಳಲ್ಲಿ ಮೂಲನಿವಾಸಿಗಳ ಗರಿಕಿರೀಟವನ್ನು ನಗೆಯ ವೇಷವಾಗಿ ಬಳಸುವುದನ್ನು ಕೈಬಿಡಬೇಕು. ಅವರಲ್ಲಿ ಅದು ಗೌರವಕ್ಕೆ ಪಾತ್ರರಾದವರು ಮಾತ್ರ ಧರಿಸುವ ವಸ್ತು.

ರೈಲು ಹಳಿಗೆ ಕಟ್ಟಿಹಾಕಿದ ನಾಯಕಿ? ಈ ದೃಶ್ಯವನ್ನು ಜನಪ್ರಿಯಗೊಳಿಸಿದ ಆಗಸ್ಟಿನ್ ಡೇಲಿಯ ‘ಅಂಡರ್ ದಿ ಗ್ಯಾಸ್‌ಲೈಟ್’ 1867ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದಾಗ ಹಳಿಯ ಮೇಲಿದ್ದುದು ಸ್ನಾರ್ಕಿ ಎಂಬ ಗಂಡಸು, ಯುದ್ಧದಲ್ಲಿ ಒಂದು ಕೈ ಕಳೆದುಕೊಂಡವನು. ನಾಯಕಿ ಲಾರಾ ನಿಲ್ದಾಣದ ಕೋಣೆಯಲ್ಲಿ ಬಂದಿ. ದೂರದಲ್ಲಿ ಶಿಳ್ಳೆ ಕೇಳುತ್ತದೆ. ಅವಳು ಕೊಡಲಿಯಿಂದ ಬಾಗಿಲು ಒಡೆದು ಬಂದು ಅವನನ್ನು ಎಳೆದುಕೊಂಡ ಕ್ಷಣವೇ ರೈಲು ರಂಗ ದಾಟಿ ಹೋಗುತ್ತದೆ. ಮರುವರ್ಷ ಬೇರೊಂದು ನಾಟಕ ಇದನ್ನು ನಕಲು ಮಾಡಿದಾಗ ಡೇಲಿ ಕೋರ್ಟಿಗೆ ಹೋಗಿ ಗೆದ್ದ. ನಿಮ್ಮ ಪರಿಕರ ಪಟ್ಟಿಯಲ್ಲಿ ಕೊಡಲಿ ಇರಲಿ, ಅದೂ ನಾಯಕಿಯ ಕೈಯಲ್ಲಿ.

ಖಳನ ಮೀಸೆಗೆ ಬೇಕಾದದ್ದು ಜಡೆಯಾಗಿ ಹೆಣೆದು ಮಾರುವ ಕ್ರೇಪ್ ಉಣ್ಣೆಕೂದಲು ಮತ್ತು ಸ್ಪಿರಿಟ್ ಗಮ್ ಎಂಬ ಅಂಟು. ಜಡೆ ಬಿಚ್ಚಿ, ಹಬೆ ತೋರಿಸಿ ಸುಕ್ಕು ಬಿಡಿಸಬೇಕು. ತುಟಿಯ ಮೇಲೆ ಗಮ್ ತೆಳ್ಳಗೆ ಹಚ್ಚಿ, ಬೆರಳಿಂದ ತಟ್ಟುತ್ತ ಅಂಟು ಬರುವವರೆಗೆ ಕಾದು, ಆಮೇಲೆ ಕೂದಲು ಒತ್ತಬೇಕು. ಹಸಿ ಗಮ್ಮಿಗೇ ಒತ್ತಿದರೆ ಮೊದಲ ಅಂಕದಲ್ಲೇ ಮೀಸೆ ಕಳಚುತ್ತದೆ.

‘ಬೇಕಾಗಿದ್ದಾನೆ’ ಪೋಸ್ಟರಿಗೆ ಫೋಟೋ ಮುದ್ರಿಸಬೇಡಿ. 1865ರಲ್ಲಿ ಲಿಂಕನ್ ಹಂತಕ ಮತ್ತು ಅವನ ಸಹಚರರಿಗಾಗಿ ಒಟ್ಟು 1,00,000 ಡಾಲರ್ ಬಹುಮಾನ ಸಾರಿದ ಪೋಸ್ಟರಿನಲ್ಲೂ ಫೋಟೋಗಳನ್ನು ಬೇರೆಯಾಗಿ ಅಂಟಿಸಿದ್ದರು.

ಇಸ್ಪೀಟಿಗೆ ಅಮೆರಿಕದ ‘ಬೈಸಿಕಲ್’ ಹೆಸರಿನ ಕಟ್ಟು ನಡೆಯುತ್ತದೆ, ಕಥೆ 1885ರ ನಂತರದ್ದಾದರೆ ಮಾತ್ರ. ವಿಸ್ಕಿಗೆ ಹಾಲಿಲ್ಲದ ತಣ್ಣನೆ ಚಹಾ. ತಲೆಗೆ ಒಡೆಯುವ ಸೀಸೆ ಹಿಂದೆ ಸಕ್ಕರೆ ಪಾಕದ್ದು, ಈಗ ರಾಳದ್ದು.

ಕೊನೆಗೆ ಪಿಸ್ತೂಲು. ಕೋಲ್ಟ್ ರಿವಾಲ್ವರಿನ ಪ್ರಸಿದ್ಧ ಮಾದರಿ 1873ರದು. ರಂಗಕ್ಕೆ ಮರದ ಅಥವಾ ರಬ್ಬರಿನದೇ ಸಾಕು. ಗುಂಡಿಲ್ಲದ ಮದ್ದಿನ ತೋಟಾ ಅಪಾಯವಿಲ್ಲದ್ದು ಎಂಬ ನಂಬಿಕೆ ತಪ್ಪು: 1984ರಲ್ಲಿ ನಟ ಜಾನ್ ಎರಿಕ್ ಹೆಕ್ಸಮ್ ಧಾರಾವಾಹಿಯ ಸೆಟ್ಟಿನಲ್ಲಿ ಅಂಥ ಪಿಸ್ತೂಲನ್ನು ತಮಾಷೆಗೆ ಕಣತಲೆಗಿಟ್ಟು ಟ್ರಿಗರ್ ಒತ್ತಿ, ಕೆಲವೇ ದಿನಗಳಲ್ಲಿ ತೀರಿಕೊಂಡರು. ನೇಪಥ್ಯದಲ್ಲಿ ಕೀಲು ಹಾಕಿದ ಎರಡು ಹಲಗೆಗಳನ್ನು ಫಟ್ಟೆಂದು ಬಡಿದರೆ ಗುಂಡಿನ ಸದ್ದು ಬರುತ್ತದೆ. ದಯವಿಟ್ಟು ಅಷ್ಟನ್ನೇ ಬಳಸಿ.