ಮೀನಿನ ಶೈಶವವೂ ಕಡಲ ಬೆಳೆಯೂ

ಉತ್ತರ ಯೂರೋಪಿನ ಕಡಲುಗಳಲ್ಲಿ ಹೆರಿಂಗ್ ಎಂಬ ಮೀನು ಕೆಲವು ಕಾಲ ರಾಶಿರಾಶಿಯಾಗಿ ದೊರೆತು, ಮತ್ತೆ ಕೆಲವು ಕಾಲ ಬಲೆಗೆ ಬೀಳದೆಯೇ ಹೋಗುವುದು ಶತಮಾನಗಳಿಂದ ತಿಳಿದಿರುವ ಸಂಗತಿ. ಕರಾವಳಿಯ ಎಷ್ಟೋ ಊರುಗಳ ಏಳುಬೀಳುಗಳು ಇದನ್ನೇ ಅವಲಂಬಿಸಿದ್ದುವು. ಮೀನು ದಾರಿ ಬದಲಿಸಿ ಬೇರೆಡೆಗೆ ವಲಸೆ ಹೋಗುವುದೇ ಇದಕ್ಕೆ ಕಾರಣವೆಂಬುದು ಹಿಂದಿನವರ ಊಹೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞರಾದ ಯೋಹಾನ್ ಯೋರ್ಟರು ೧೯೧೪ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಚಾರವನ್ನು ಬೇರೊಂದು ದಾರಿಗೆ ತಿರುಗಿಸಿತು.

ಮರದ ಕಾಂಡದಲ್ಲಿ ಹೇಗೋ ಹಾಗೆಯೇ ಹೆರಿಂಗಿನ ಹುರುಪೆಯಲ್ಲಿಯೂ ವರ್ಷಕ್ಕೊಂದು ಬಳೆ ಮೂಡುತ್ತದೆ. ಯೋರ್ಟರೂ ಅವರ ಸಂಗಡಿಗರೂ ವರ್ಷವರ್ಷವೂ ಇವನ್ನೆಣಿಸಿ ಮೀನುಗಳ ವಯಸ್ಸನ್ನು ನಿರ್ಣಯಿಸಿದರು. ಆಗ ಕಂಡುಬಂದುದು ವಿಸ್ಮಯಕರವಾಗಿತ್ತು. ೧೯೦೪ರಲ್ಲಿ ಹುಟ್ಟಿದ ಒಂದೇ ಸಂತತಿಯು ೧೯೧೦ರಲ್ಲಿ ಪರೀಕ್ಷಿಸಿದ ಮೀನುಗಳ ಪೈಕಿ ಸುಮಾರು ಮುಕ್ಕಾಲು ಪಾಲಾಗಿತ್ತು. ಮುಂದೆಯೂ ಹಲವು ವರ್ಷ ಬೆಸ್ತರ ಬಲೆಗಳನ್ನು ತುಂಬಿದುದು ಅದೇ. ಅದರ ಹಿಂದುಮುಂದಿನ ಸಂತತಿಗಳು ಲೆಕ್ಕಕ್ಕೆ ಬಾರದಷ್ಟು ಕ್ಷೀಣವಾಗಿದ್ದುವು. ಎಂದ ಮೇಲೆ, ಕಡಲ ಸಮೃದ್ಧಿಯು ಎಲ್ಲ ವರ್ಷಗಳ ಸಮನಾದ ದುಡಿಮೆಯಲ್ಲ. ಎಲ್ಲೋ ಒಂದು ವರ್ಷ ಬದುಕಿಕೊಂಡ ಮರಿಗಳ ಕೊಡುಗೆ.

ಆ ಮರಿಗಳು ಬದುಕಿದುದು ಹೇಗೆ? ಮೊಟ್ಟೆಗಳ ಸಂಖ್ಯೆಯಿಂದ ಇದಕ್ಕೆ ಉತ್ತರ ಸಿಕ್ಕದು. ದೊಡ್ಡದೊಂದು ಕಾಡ್ ಮೀನು ಒಂದು ಋತುವಿನಲ್ಲಿ ಹಲವು ದಶಲಕ್ಷ ಮೊಟ್ಟೆಗಳನ್ನಿಡುತ್ತದೆ, ಮೊಟ್ಟೆಗೆಂದೂ ಕೊರತೆಯಿಲ್ಲ. ಮೊಟ್ಟೆಯೊಡೆದು ಬಂದ ಎಳೆಮರಿಗೆ ಹೊಟ್ಟೆಯಡಿಯ ಹಳದಿಯ ಚೀಲವೇ ಮೊದಲ ಬುತ್ತಿ. ಅದು ತೀರಿದೊಡನೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು ಬಾಯಿಗೆಟುಕಬೇಕು, ಇಲ್ಲವಾದರೆ ಸಾವು. ಈ ಸಂಧಿಕಾಲದ ಹಸಿವನ್ನೂ, ಮರಿಗಳು ಪ್ರವಾಹಕ್ಕೆ ಸಿಕ್ಕಿ ಬಾಳಲಾಗದ ನೀರಿಗೆ ಕೊಚ್ಚಿಹೋಗುವುದನ್ನೂ ಯೋರ್ಟರು ಮುಖ್ಯ ಕಾರಣಗಳೆಂದು ಸೂಚಿಸಿದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಡೇವಿಡ್ ಕುಷಿಂಗರು ಇದನ್ನು ವಿಸ್ತರಿಸಿದರು. ಮೀನು ಮೊಟ್ಟೆಯಿಡುವ ಕಾಲ ಬಹುಮಟ್ಟಿಗೆ ನಿಯತವಾದುದು; ಸೂಕ್ಷ್ಮಜೀವಿಗಳ ಸುಗ್ಗಿಯಾದರೋ ಬಿಸಿಲುಗಾಳಿಗಳನ್ನನುಸರಿಸಿ ಹಿಂದುಮುಂದಾಗುತ್ತದೆ. ಎರಡೂ ಕೂಡಿಬಂದ ವರ್ಷವೇ ಸುವರ್ಷ.

ಹಸಿವೊಂದನ್ನೇ ಹೊಣೆ ಮಾಡುವುದು ಮಾತ್ರ ಯುಕ್ತವಲ್ಲ. ಮರಿಗಳನ್ನು ನುಂಗುವ ಜೀವಿಗಳು ಬಹಳ. ನಿಧಾನವಾಗಿ ಬೆಳೆಯುವ ಮರಿ ಅಷ್ಟು ಹೆಚ್ಚು ದಿನ ಅವುಗಳ ಬಾಯಿಗೆ ಈಡಾಗಿರುತ್ತದೆ. ಇಲ್ಲಿ ಅಲ್ಪ ವ್ಯತ್ಯಾಸವೂ ಮಹತ್ತಾಗುವ ಬಗೆಯನ್ನು ಲೆಕ್ಕದಿಂದ ನೋಡಬಹುದು. ಹತ್ತು ಲಕ್ಷ ಮರಿಗಳು ದಿನಕ್ಕೆ ನೂರಕ್ಕೆ ೧೦ರಂತೆ ಸಾಯುತ್ತ ಹೋದರೆ ೬೦ ದಿನಗಳ ಕೊನೆಗೆ ಉಳಿಯುವುವು ಸುಮಾರು ೧,೮೦೦. ನೂರಕ್ಕೆ ೮ರಂತೆ ಸತ್ತರೆ ಸುಮಾರು ೬,೭೦೦. ನೂರಕ್ಕೆ ಎರಡರ ಭೇದ ಎರಡು ತಿಂಗಳಲ್ಲಿ ಮೂರೂವರೆ ಪಟ್ಟನ್ನು ಮೀರಿತು! ೧೮೮೦ರ ದಶಕದಿಂದ ನಾರ್ವೆಯಲ್ಲಿ ಕಾಡ್ ಮೀನಿನ ಮೊಟ್ಟೆಗಳನ್ನು ಮರಿಮಾಡಿಸಿ, ಹಳದಿಯ ಚೀಲ ಕರಗುವ ಮುನ್ನವೇ ಕೋಟ್ಯಂತರವಾಗಿ ಕಡಲಿಗೆ ಬಿಡುತ್ತಿದ್ದರು. ಅದರಿಂದ ಮೀನು ಹೆಚ್ಚಿತೆಂಬುದು ಸಿದ್ಧವಾಗದೆ ಹೋದುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಪಶ್ಚಿಮ ಕರಾವಳಿಯ ಬೂತಾಯಿಯದೂ ಇಂಥದೇ ಚರಿತ್ರೆ. ಅದು ಮುಖ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ. ಅದರ ಆಯುಸ್ಸು ಎರಡು ಮೂರು ವರ್ಷಗಳಷ್ಟೆ. ಆದುದರಿಂದ ಒಂದೆರಡು ಮಳೆಗಾಲ ಮರಿಗಳು ಉಳಿಯದಿದ್ದರೆ ಬೆಸ್ತರಿಗೆ ಆ ಕೊರತೆ ಬೇಗನೆ ತಟ್ಟುತ್ತದೆ. ಹೆರಿಂಗು ಹದಿನೈದು ವರ್ಷಗಳಿಗೂ ಹೆಚ್ಚು ಬಾಳಬಲ್ಲುದಾಗಿ, ಒಂದು ಸುವರ್ಷದ ಸಂತತಿ ಹಲವು ದುರ್ವರ್ಷಗಳನ್ನು ದಾಟಿಸುತ್ತದೆ. ಆದರೆ ೧೯೬೦ರ ದಶಕದಲ್ಲಿ ಮಿತಿಮೀರಿದ ಬೇಟೆಯಿಂದ ನಾರ್ವೆಯ ಹೆರಿಂಗಿನಲ್ಲಿ ದೊಡ್ಡ ಮೀನುಗಳೂ ಎಳೆಯವೂ ತೀರಿಹೋದುವು. ಕಾಲ ಒದಗಿದರೂ ಮೊಟ್ಟೆಯಿಡುವ ತಾಯಿಗಳೇ ವಿರಳವಾದುವು. ಬೇಟೆಯನ್ನು ಕಟ್ಟುನಿಟ್ಟಾಗಿ ತಡೆದರೂ ೧೯೮೩ರವರೆಗೆ ಬಲವಾದ ಸಂತತಿಯೊಂದು ಹುಟ್ಟಲಿಲ್ಲ. ಆ ವರ್ಷದ ಮರಿಗಳು ಬೆಳೆದು ನಿಂತ ಮೇಲೆಯೇ ಅಲ್ಲಿನ ಮೀನುಗಾರಿಕೆ ಚೇತರಿಸಿಕೊಂಡಿತು.