ಸಸ್ಯಾಹಾರದ ಸಂಸಾರಕ್ಕೆ ದಿನಸಿಯ ಲೆಕ್ಕ

ಹಾಲು, ಮೊಸರು, ತುಪ್ಪಗಳನ್ನೂ ತ್ಯಜಿಸಿ ಕೇವಲ ಸಸ್ಯಜನ್ಯವಾದ ಆಹಾರದಿಂದಲೇ ಸಂಸಾರವನ್ನು ಪೋಷಿಸಬೇಕೆಂದು ಸಂಕಲ್ಪಿಸುವ ಕುಟುಂಬಗಳು ಈಚೆಗೆ ನಮ್ಮ ನಗರಗಳಲ್ಲಿ ಕಾಣಸಿಗುತ್ತಿವೆ. ಆ ಸಂಕಲ್ಪವು ಕೆಲವೇ ತಿಂಗಳಲ್ಲಿ ಶಿಥಿಲವಾಗುವುದಕ್ಕೆ ನಾಲಗೆಯ ಚಾಪಲ್ಯಕ್ಕಿಂತಲೂ ದಿನಸಿ ಅಂಗಡಿಯ ಲೆಕ್ಕವೇ ಹೆಚ್ಚಾಗಿ ಕಾರಣವೆಂದು ನಾನು ನಂಬಿದ್ದೇನೆ. ಬಾದಾಮಿ ಹಾಲಿನ ಡಬ್ಬಿ, ಪರದೇಶದ ಬೀಜಗಳು, ಬಣ್ಣದ ಪೊಟ್ಟಣಗಳು ಇವುಗಳಿಂದ ಚೀಟಿಯು ಆರಂಭವಾದರೆ ಮಧ್ಯಮವರ್ಗದವನ ಸಂಬಳ ಇಪ್ಪತ್ತನೆಯ ತಾರೀಖಿಗೇ ಮುಗಿದುಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಚೀಟಿಯ ಮೊದಲ ಸಾಲಿನಲ್ಲಿ ಇರತಕ್ಕದ್ದು ಕಾಳು.

ದಿನಕ್ಕೆ 2000 ಕ್ಯಾಲೊರಿ ಬೇಕಾದ ವಯಸ್ಕನೊಬ್ಬನಿಗೆ ಸುಮಾರು 85 ಗ್ರಾಂ ಬೇಳೆಕಾಳು ಅಗತ್ಯವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹೇಳುತ್ತಾರೆ. ಈ ಲೆಕ್ಕದಲ್ಲಿ ನಾಲ್ವರ ಮನೆಗೆ ತಿಂಗಳಿಗೆ 10 ಕಿಲೋ ಆಯಿತು; ಹಾಲನ್ನೂ ಬಿಟ್ಟವರಿಗೆ ಇನ್ನು ತುಸು ಅಧಿಕವೇ ಬೇಕು. ಅಷ್ಟನ್ನೂ ತೊಗರಿಯಿಂದಲೇ ತುಂಬಹೊರಟರೆ ಕೈ ಕಚ್ಚುತ್ತದೆ. ಆದರೆ ಬಡವರ ಕಾಳೆಂದು ಉಪೇಕ್ಷಿತವಾದ ಹುರುಳಿಯಲ್ಲಿಯೂ ತೊಗರಿಯಷ್ಟೇ, ಎಂದರೆ 100ಕ್ಕೆ ಸುಮಾರು 22ರಷ್ಟು, ಸಸಾರಜನಕವುಂಟು. ಕಡಲೆಕಾಯಿ ಬೀಜದಲ್ಲಿ ಅದು 25ರ ಆಸುಪಾಸು, ಬೆಲೆಯಲ್ಲಿ ಎಷ್ಟೋ ಮಡಿ ಮೇಲಾದ ಬಾದಾಮಿಯಲ್ಲಿ ಅದಕ್ಕಿಂತ ಕಡಿಮೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ, ಡಾ. ವಿ. ಸುಬ್ರಹ್ಮಣ್ಯನ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಅಪೌಷ್ಟಿಕತೆಯ ಪರಿಹಾರಕ್ಕಾಗಿ ಸಿದ್ಧವಾದ ‘ಬಹೂಪಯೋಗಿ ಆಹಾರ’ದ ಮುಖ್ಯ ದ್ರವ್ಯಗಳು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮತ್ತು ಕಡಲೆಹಿಟ್ಟುಗಳೇ ಆಗಿದ್ದುವು.

ಇನ್ನು ಕಾಳನ್ನು ಬಳಸುವ ಜಾಣ್ಮೆಯನ್ನು ಮಂಡ್ಯ, ತುಮಕೂರು, ಹಾಸನಗಳ ಒಕ್ಕಲು ಮನೆಗಳಿಂದ ಕಲಿಯಬೇಕು. ಬೆಳಿಗ್ಗೆ ನೆನೆಹಾಕಿದ ಹುರುಳಿಯನ್ನು ರಾತ್ರಿ ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಮರುದಿನಕ್ಕೆ ಸಣ್ಣ ಬಿಳಿಯ ಮೊಳಕೆ ಇಣುಕಿರುತ್ತದೆ. ಅದನ್ನು ನೀರು ಧಾರಾಳವಾಗಿಟ್ಟು, ದಂಟಿನ ಸೊಪ್ಪಿನೊಡನೆ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಒಂದು ಹಿಡಿ ಬೆಂದ ಕಾಳಿನೊಂದಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಿಸೆಹಣ್ಣುಗಳನ್ನು ನುಣ್ಣಗೆ ರುಬ್ಬಿ ಆ ಕಟ್ಟಿಗೆ ಕದಡಿ ಕುದಿಸಿದರೆ ಬಸ್ಸಾರು. ಮಿಕ್ಕ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯ ಬೇಯಿಸುವಿಕೆಯಿಂದ ಮುದ್ದೆಗೂ ಅನ್ನಕ್ಕೂ ಎರಡು ವ್ಯಂಜನಗಳಾದುವು. ಕಾಳಿನ ಸಾರವಿಳಿದ ನೀರಿನಲ್ಲಿ ಒಂದು ತೊಟ್ಟೂ ಚರಂಡಿಯ ಪಾಲಾಗಲಿಲ್ಲ. ಇಂಥ ಅಡುಗೆಯನ್ನು ಹಳ್ಳಿಯದೆಂದು ಬದಿಗೊತ್ತಿರುವುದು ನಮ್ಮ ನಗರಗಳ ದೊಡ್ಡ ನಷ್ಟ.

ಋತುವನ್ನು ಅನುಸರಿಸಿ ಕೊಳ್ಳುವುದು ಉಳಿತಾಯದ ಮತ್ತೊಂದು ಮುಖ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುವಾಗ ಬೇಳೆಗೆ ವಿರಾಮ ಕೊಡಬಹುದು; ಕಲಬುರಗಿ ಸೀಮೆಯ ಹೊಸ ತೊಗರಿ ಸುಗ್ಗಿಯ ಹೊತ್ತಿಗೆ ಬಂದಾಗ ಆರು ತಿಂಗಳದ್ದನ್ನು ಒಮ್ಮೆಗೇ ತಂದು, ಬಿಸಿಲಿಗೆ ಹರವಿ, ಬೇಳೆಗೆ ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿದರೆ ಹುಳು ಹಿಡಿಯದು. ಟೊಮ್ಯಾಟೊ ದುಬಾರಿಯಾದ ವಾರಗಳಲ್ಲಿ ಬೇಸಗೆಯ ಹುಣಿಸೆಹಣ್ಣು ಆ ಕೊರತೆಯನ್ನು ತುಂಬುತ್ತದೆ.

ಹಾಲಿಲ್ಲದೆ ಎಲುಬಿಗೆ ಸುಣ್ಣದಂಶ ಎಲ್ಲಿಂದ ಬರಬೇಕೆಂದು ಹಿರಿಯರು ಕೇಳುವುದು ನ್ಯಾಯವೇ. 100 ಗ್ರಾಂ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂನಷ್ಟಿದೆ, ಅಷ್ಟೇ ಹಸುವಿನ ಹಾಲಿನಲ್ಲಿ 120ರಷ್ಟು. ರಾಗಿಯದೆಲ್ಲವೂ ದೇಹಕ್ಕೆ ಸಲ್ಲದಾದರೂ ಮೊಳಕೆ ಕಟ್ಟಿಸಿ ಹಿಟ್ಟು ಮಾಡಿದರೆ ಹೆಚ್ಚು ಸಲ್ಲುತ್ತದೆ. ಎಳ್ಳಿನ ಚಟ್ನಿಪುಡಿಯೂ ಈ ಕೆಲಸಕ್ಕೆ ಒದಗುತ್ತದೆ. ಆದಕಾರಣ ಡಬ್ಬಿಯ ಬಾದಾಮಿ ಹಾಲನ್ನು ಚೀಟಿಯಿಂದ ನಿಶ್ಚಿಂತೆಯಾಗಿ ತೆಗೆದುಹಾಕಬಹುದು.

ಆದರೆ ಬಿ12 ಜೀವಸತ್ವದ ವಿಷಯ ಹಾಗಲ್ಲ. ನೆಚ್ಚಿಕೊಳ್ಳುವಷ್ಟು ಪ್ರಮಾಣದಲ್ಲಿ ಅದು ಯಾವ ಕಾಳು ಸೊಪ್ಪುಗಳಲ್ಲಿಯೂ ದೊರೆಯದು. ಹಾಲನ್ನೂ ಬಿಟ್ಟ ಮನೆಯವರು, ವಿಶೇಷವಾಗಿ ಗರ್ಭಿಣಿಯರೂ ಮಕ್ಕಳೂ, ವೈದ್ಯರನ್ನು ಕೇಳಿ ಅದನ್ನು ಮಾತ್ರೆಯ ಮೂಲಕವೇ ಪಡೆಯತಕ್ಕದ್ದು. ತಿಂಗಳ ಚೀಟಿಯಲ್ಲಿ ಮತ್ತಾವುದನ್ನು ಕಡಿಮೆ ಮಾಡಿದರೂ ಈ ಮಾತ್ರೆಯ ಸಾಲನ್ನು ದಯವಿಟ್ಟು ಹೊಡೆದುಹಾಕಬೇಡಿ.